ಮೂರನೇ ಗಂಟು

ಮೊಳಕಾಲ್ಮೂರಿನ ಗುಡ್ಡದ ಬುಡದ ನೇಕಾರರ ಓಣಿಯಲ್ಲಿ ಯರ್ರಮ್ಮ ಎಣಿಸಿದಳೆಂದರೆ ಆಯಿತು, ಅದರ ಮೇಲೆ ಇನ್ನೊಂದು ಮಾತಿಲ್ಲ. ಮಗ್ಗಕ್ಕೆ ಉದ್ದಕ್ಕೆ ಹೂಡಿದ ಹಾಸಿನಲ್ಲಿ ಎಳೆ ಕಡಿಮೆ ಬಿದ್ದಿವೆಯೆಂದು ಗಂಡಸರು ಜಗಳಕ್ಕೆ ನಿಂತರೆ ಅವಳನ್ನು ಕರೆಯುತ್ತಿದ್ದರು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ರೇಷ್ಮೆಯ ಮೇಲೆ ಬೆರಳು ಆಡಿಸುತ್ತಾ ಆ ತುದಿಯಿಂದ ಈ ತುದಿಗೆ ಹೋಗಿ, ಇಷ್ಟು ಎಂದು ಹೇಳಿ ಎದ್ದು ನಡೆಯುತ್ತಿದ್ದಳು. ಯಾರೂ ಮತ್ತೆ ಎಣಿಸುತ್ತಿರಲಿಲ್ಲ. ಅವಳನ್ನು ನಂಬುತ್ತಿದ್ದರೇ ಹೊರತು ಯಾರೂ ಇಷ್ಟಪಡುತ್ತಿರಲಿಲ್ಲ. ನಾಲಿಗೆ ಅಷ್ಟು ಒರಟು. ತಪ್ಪು ಯಾರ ಮನೆಯದೆಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿಯೇ ಬರುತ್ತಿದ್ದಳು.

ಗಂಡ ಸತ್ತಾಗ ಮಗ ದುರುಗೇಶ್ ಇನ್ನೂ ಮಗ್ಗದ ಕುಣಿಯಲ್ಲಿ ಕೂತರೆ ಕಾಲು ಮೆಟ್ಟುಗೋಲಿಗೆ ಎಟುಕದಷ್ಟು ಚಿಕ್ಕವನು. ಅವನ ಕಾಲು ಬೆಳೆಯುವವರೆಗೆ ಯರ್ರಮ್ಮ ಬೇರೆಯವರ ಮನೆಗೆ ಕುಟ್ಟು ಹಾಕಲು ಹೋದಳು. ಮೊಳಕಾಲ್ಮೂರಿನ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡೂ ಕೂಡುವ ಕಡೆ ಒಂದರ ಎಳೆ ಇನ್ನೊಂದರ ಎಳೆಗೆ ಸಿಕ್ಕಿಕೊಳ್ಳಬೇಕು. ಅದಕ್ಕೇ ಕುಟ್ಟು ಅನ್ನುವುದು. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ನೇಯುವವನು ಒಡಲಿನ ಲಾಳಿ ಎಸೆದರೆ, ಪಕ್ಕದಲ್ಲಿ ಕೂತವರು ಅಂಚಿನ ಲಾಳಿ ಹಾಕಬೇಕು. ಒಬ್ಬರು ಎದ್ದು ಹೋದರೆ ಮಗ್ಗ ನಿಂತಿತು. ದುರುಗೇಶನ ಕಾಲು ಎಟುಕಿದ ಮೇಲೆ ತಾಯಿ ಮಗ ಹಾಗೆ ಪಕ್ಕಪಕ್ಕದಲ್ಲಿ ಕೂತು ನೇಯ್ದರು. ಅಣ್ಣ ಕೊಟ್ಟೂರಪ್ಪನ ಮಗಳು ಸುನಿತಾಳನ್ನು ಸೊಸೆಯಾಗಿ ತಂದುಕೊಂಡು, ತನ್ನ ಜಾಗದಲ್ಲಿ ಅವಳನ್ನು ಕೂರಿಸಿ ಎದ್ದುಬಿಡುವುದು ಯರ್ರಮ್ಮನ ಲೆಕ್ಕ. ಮಾತೂ ಆಗಿತ್ತು.

ತೊಂಬತ್ತಾರರ ಬೇಸಿಗೆಯಲ್ಲಿ ಓಣಿಯವರು ನಾಟಕ ಎತ್ತಿದರು. ಆ ಸೀಮೆಯಲ್ಲಿ ಅಜ್ಜಂದಿರ ಕಾಲದಿಂದ ಆಡಿಕೊಂಡು ಬಂದದ್ದು. ಪಾಳೇಗಾರನ ಮಗನೊಬ್ಬ ಶತ್ರುವಿನ ಕೋಟೆಯ ಹುಡುಗಿಯನ್ನು ಕಾಣುತ್ತಾನೆ, ಕಂಡ ಮಾರನೇ ದಿನವೇ ಗುಡಿಯಲ್ಲಿ ತಾಳಿ ಕಟ್ಟುತ್ತಾನೆ. ಆಮೇಲೆ, ಅವಳನ್ನು ಇನ್ನೊಬ್ಬನಿಗೆ ಕೊಟ್ಟರೆಂದು ಯಾರೋ ಸುಳ್ಳು ಸುದ್ದಿ ತಂದರೆ, ಹೌದೋ ಅಲ್ಲವೋ ವಿಚಾರಿಸದೆ ಕತ್ತಿಯ ಮೇಲೆ ಬೀಳುತ್ತಾನೆ. ಅವಳು ಓಡಿ ಬರುತ್ತಾಳೆ, ನೋಡುತ್ತಾಳೆ, ಅದೇ ಕತ್ತಿ ಎತ್ತಿಕೊಳ್ಳುತ್ತಾಳೆ. ಆ ಹೊತ್ತಿಗೆ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡಿರುತ್ತಿದ್ದರು. ಯರ್ರಮ್ಮ ಮಾತ್ರ ಅತ್ತವಳಲ್ಲ. ಅವಳಿಗೆ ಆ ಪಾಳೇಗಾರನ ಮಗನ ಮೇಲೆ ಸಿಟ್ಟು.

“ಸುದ್ದಿ ತಂದೋನಿಗೆ ಒಂದು ಚೊಂಬು ನೀರು ಕೊಟ್ಟು, ಕೂರ್ಸಿ, ಸರಿಯಾಗಿ ಕೇಳಿದ್ರೆ ಆಗ್ತಿರ್ಲಿಲ್ವಾ?” ಎಂದು ಮಗ್ಗದ ಮುಂದೆ ಕೂತು ಹೇಳುತ್ತಿದ್ದಳು. “ಅಷ್ಟೊತ್ತಿಗೆ ಅವಳೇ ಬಂದಿರೋಳು.”

ಆ ವರ್ಷ ಪಾಳೇಗಾರನ ಮಗನ ಪಾತ್ರ ದುರುಗೇಶನದು. “ಅದು ಪ್ರೀತಿ ಕಣವ್ವ. ನಿಂಗೆ ತಿಳಿಯಲ್ಲ” ಎಂದ.

“ತಿಳಿದಿದ್ರೆ ನಾನೂ ಕತ್ತಿ ಮೇಲೆ ಬೀಳ್ಬೇಕಾಗಿತ್ತು. ಮಗ್ಗ ಯಾರು ನೋಡೋರು?”

ಅವನು ನಕ್ಕ. ಅವಳನ್ನು ಅವ್ವ ಎಂದು ಅವನು ಅಂದದ್ದು ಅದೇ ಕಡೆಯ ಸಲ. ಆಗ ಅವಳಿಗೆ ಅದು ಗೊತ್ತಿರಲಿಲ್ಲ.

ಹುಡುಗಿಯ ಪಾತ್ರಕ್ಕೆ ರಾಯದುರ್ಗದಿಂದ ಮಾಲತಿ ಎಂಬುವಳನ್ನು ಕರೆಸಿದ್ದರು. ಆಡುವುದೇ ಅವಳ ಬದುಕು. ಅರ್ಧ ತೆಲುಗು, ಅರ್ಧ ಕನ್ನಡ. ಇವತ್ತು ಈ ಊರಿನಲ್ಲಿ ರಾಣಿ, ನಾಳೆ ಆ ಊರಿನಲ್ಲಿ ಗೌಡನ ಮಗಳು. ಕಡೆಯ ವಾರದ ತಾಲೀಮಿಗೆ ಬಂದಳು. ಹಾರ್ಮೋನಿಯಂ ಬಾರಿಸುವ ಜೋಗಪ್ಪ ಮೇಷ್ಟ್ರ ಪಕ್ಕ ನಿಂತು ಹಾಡು ಒಪ್ಪಿಸಿದಳು, ಮಾತು ಹೇಳಿದಳು, ಟೀ ಕುಡಿದಳು. ದುರುಗೇಶನ ಕಣ್ಣಿಗೆ ಅವಳು ಹೇಳಿದ್ದೆಲ್ಲ ತನಗೇ ಹೇಳಿದ ಹಾಗೆ ಕಾಣಿಸಿತು. ಆ ವಾರ ಮಗ್ಗದಲ್ಲಿ ಅವನ ಕೈ ತಪ್ಪಿದ್ದನ್ನು ಯರ್ರಮ್ಮ ಒಂದೊಂದಾಗಿ ನೋಡಿದಳು, ಒಂದೊಂದಕ್ಕೂ ಬೈದಳು. ಕಾರಣ ಕೇಳಲಿಲ್ಲ.

ಆ ನಾಟಕದ ಮದುವೆ ಸೀನಿಗೆ ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ತಾಳಿಗೆ ಅರಿಸಿನದ ಕೊಂಬು ಕಟ್ಟಬೇಕು, ಗಂಟು ಎರಡೇ ಹಾಕಬೇಕು. ಮೂರನೆಯದು ಹಾಕಿದರೆ ಅದು ಆಟವಲ್ಲ, ಮದುವೆ. ಹಿಂದೆ ಯಾರೋ ಒಬ್ಬ ಮೈಮರೆತು ಮೂರು ಹಾಕಿದ್ದನಂತೆ, ಹಿರಿಯರು ಅದನ್ನೇ ಮದುವೆ ಎಂದು ತೀರ್ಮಾನ ಮಾಡಿ ಸಂಸಾರ ಹೂಡಿಸಿದ್ದರಂತೆ. ಆದ್ದರಿಂದ ಪ್ರತಿ ಸಲ ಬಣ್ಣ ಹಚ್ಚುವ ಮುಂಚೆ ಹಿರಿಯ ಓಬಯ್ಯ ಪಾತ್ರಧಾರಿಯನ್ನು ಕರೆದು ಎರಡು ಬೆರಳು ತೋರಿಸುತ್ತಿದ್ದ.

ದುರುಗೇಶ್ ಮೂರು ಹಾಕಿದ. ನೂಲಿನ ದಾರ ಒರಟಾಯಿತೆಂದು, ಮನೆಯ ಮಗ್ಗದ ರೇಷ್ಮೆಯನ್ನೇ ನಾಲ್ಕೆಳೆ ಹೊಸೆದು ಅರಿಸಿನದಲ್ಲಿ ಅದ್ದಿ ತಂದಿದ್ದ. ಮುಂದೆ ಕೂತಿದ್ದ ಯರ್ರಮ್ಮ ಅವನ ಮೊಣಕೈ ಎಷ್ಟು ಸಲ ಆಡಿತೆಂದು ನೋಡಿದಳು. ನೋಡಿದ್ದು ಸುಳ್ಳಾಗಲಿ ಎಂದು ಅದೇ ಮೊದಲ ಸಲ ಅಂದುಕೊಂಡಳು. ಅವನು ಜನರ ಕಡೆ ತಿರುಗಿ, ನಾಟಕದಲ್ಲಿಲ್ಲದ ಮಾತು ಹೇಳಿದ: ಮೂರು ಗಂಟು ಹಾಕಿದ್ದೇನೆ, ಇವಳು ನನ್ನ ಹೆಂಡತಿ. ಜನ ಮೊದಲು ಚಪ್ಪಾಳೆ ಹೊಡೆದರು. ಆಮೇಲೆ ಓಬಯ್ಯ ಎದ್ದು ನಿಂತದ್ದನ್ನು ಕಂಡು ಸುಮ್ಮನಾದರು. ನಾಟಕ ಅಲ್ಲಿಗೇ ನಿಂತಿತು. ಆ ವರ್ಷ ಯಾರೂ ಕತ್ತಿಯ ಮೇಲೆ ಬೀಳಲಿಲ್ಲ.

ಮಾಲತಿ ತಾಳಿ ತೆಗೆಯಲು ಹೋದರೆ ಹೆಂಗಸರು ಕೈ ಹಿಡಿದರು. ಹಿರಿಯರು ಹೇಳುವ ತನಕ ಮುಟ್ಟಕೂಡದು ಎಂದರು. ಬೆಳಗಾದ ಮೇಲೆ ಯರ್ರಮ್ಮ ಅವಳಿದ್ದ ಕಡೆ ಹೋದಳು. ಗುಡಿಯ ಜಗುಲಿಯ ಮೇಲೆ ಹುಡುಗಿ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಯರ್ರಮ್ಮ ತನಗೆ ಬರುತ್ತಿದ್ದ ಬೈಗುಳವನ್ನೆಲ್ಲ ಕನ್ನಡ ತೆಲುಗು ಎರಡೂ ಭಾಷೆಯಲ್ಲಿ ಬೈದಳು. ಮಗನಿಗೆ ಏನು ತಿನ್ನಿಸಿದೆ ಎಂದಳು. ಊರೂರು ಕುಣಿಯುವವಳಿಗೆ ನನ್ನ ಮನೆಯೇ ಬೇಕಾಗಿತ್ತೇ ಎಂದಳು.

“ಬಣ್ಣ ತೊಳ್ಕೊಂಡು ಬಾ. ಮುಖ ಎಂಥದೈತೆ ನೋಡಾಣ.”

“ತೊಳ್ದೀನಮ್ಮ,” ಎಂದಳು ಮಾಲತಿ. “ಇದೇ ಮುಖ.”

ಓಣಿಯವರೆಲ್ಲ ಬೇವಿನ ಕಟ್ಟೆಯ ಸುತ್ತ ಸೇರಿದರು. ಓಬಯ್ಯ ಕೇಳಿದ. ದುರುಗೇಶ್ ಎದೆಯುಬ್ಬಿಸಿ, ಎಣಿಸಿಕೊಂಡೇ ಮೂರು ಹಾಕಿದ್ದೇನೆ ಎಂದ. ಮಾಲತಿ, ನಾನು ನಾಟಕಕ್ಕೆ ಬಂದವಳು, ನಾಟಕ ಮುಗಿಯಿತು, ನನ್ನನ್ನು ಬಸ್ಸಿಗೆ ಬಿಡಿ ಎಂದಳು. ಗಂಟು ಮೂರಾಗಿದ್ದರೆ ಇನ್ನೆಲ್ಲಿಯ ಬಸ್ಸು ಎಂದು ಯಾರೋ ಅಂದರು, ನಾಲ್ಕು ಜನ ನಕ್ಕರು. ಹುಡುಗಿಗೆ ಮನಸ್ಸಿದೆಯೇ ಎಂದು ಕೇಳಬೇಕೆಂಬುದು ದುರುಗೇಶನಿಗೂ ಹೊಳೆದಿರಲಿಲ್ಲ, ಕಟ್ಟೆಯ ಮೇಲಿದ್ದವರಿಗೂ ಹೊಳೆಯಲಿಲ್ಲ. ಜೋಗಪ್ಪ ಮೇಷ್ಟ್ರು ಮೆಲ್ಲಗೆ ಪೊಲೀಸ್ ಸ್ಟೇಷನ್ನಿನ ಮಾತು ತೆಗೆದರು.

“ಪೊಲೀಸ್ರು ಬಂದು ಗಂಟು ಎಣಿಸ್ತಾರೇನ್ರಿ ಮೇಷ್ಟ್ರೇ?” ಎಂದ ಓಬಯ್ಯ. “ಅದು ನಮ್ಮ ಕೆಲ್ಸ.”

ಎಣಿಸುವವರು ಯಾರು? ಗಂಟು ಹುಡುಗಿಯ ಕುತ್ತಿಗೆಯ ಹಿಂದೆ, ಜಡೆಯ ಕೆಳಗೆ. ಗಂಡಸರು ಕೈ ಹಾಕುವಂತಿಲ್ಲ. ಮುತ್ತೈದೆಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಎರಡೇ ಗಂಟಿದ್ದರೆ ಅದು ಅರ್ಧ ತಾಳಿ, ಮುಟ್ಟಿದರೆ ತಮ್ಮ ತಾಳಿಗೆ ಕೇಡು ಎಂದು ಅವರ ಭಯ. ಆಗ ಯರ್ರಮ್ಮನ ಅತ್ತಿಗೆ, ಸುನಿತಾಳ ತಾಯಿ ಹುಚ್ಚಕ್ಕ, ಗುಂಪಿನ ನಡುವಿನಿಂದಲೇ ಹೇಳಿದಳು: “ಕಳ್ಕಳಕೆ ಏನೂ ಇಲ್ದೋಳು ಐದಾಳಲ್ಲ. ಅವಳೇ ನೋಡ್ಲಿ.”

ಯರ್ರಮ್ಮ ಅತ್ತಿಗೆಯ ಮುಖ ನೋಡಿದಳು. ಆ ಮಾತಿನಲ್ಲಿ ವಿಷ ಎಷ್ಟಿತ್ತು, ಎಚ್ಚರಿಕೆ ಎಷ್ಟಿತ್ತು ಎಂಬುದು ಅವಳಿಗೆ ತಿಳಿಯದ್ದಲ್ಲ. ಮೂರು ಎಂದರೆ ಸುನಿತಾ ಇಲ್ಲ, ಅಣ್ಣನ ಮನೆಯಿಲ್ಲ. ಎರಡು ಎಂದರೆ ಮಗ ಸುಳ್ಳುಗಾರ. ಓಬಯ್ಯ, ಯರ್ರಮ್ಮನ ಎಣಿಕೆ ಎಂದರೆ ನನಗೆ ಸಾಕು ಎಂದ. ಎಲ್ಲರೂ ಹೂಂಗುಟ್ಟಿದರು.

ಆಕೆ ಮಾಲತಿಯ ಹಿಂದೆ ಕೂತಳು. ಜಡೆಯ ಕೆಳಗೆ ಕೈ ತೂರಿಸಿದಳು. ಬೆರಳಿಗೆ ಒಂದು, ಎರಡು, ಮೂರು ಸಿಕ್ಕಿದವು. ಮಗ ಕಟ್ಟಿದ ಗಂಟು, ತಾನೇ ಕಲಿಸಿದ ಗಂಟು. ಅವಳು ಹೇಳಬೇಕೆಂದಿದ್ದುದು ಮೂರು ಎಂದೇ. ಬೇರೆ ಏನನ್ನಾದರೂ ಹೇಳಲು ಅವಳ ಬಾಯಿಗೆ ರೂಢಿಯೇ ಇರಲಿಲ್ಲ. ಈ ಹುಡುಗಿಯನ್ನು ಮನೆಗೆ ಕರೆದುಕೊಂಡು ಹೋಗಿ, ಬದುಕಿರುವ ತನಕ ದ್ವೇಷಿಸಿಕೊಂಡೇ ಪಕ್ಕದಲ್ಲಿ ಕೂರಿಸಿ ಲಾಳಿ ಹಾಕಿಸುವುದಕ್ಕೂ ಅವಳು ಸಿದ್ಧಳಿದ್ದಳು.

ಆಗ ಮಾಲತಿ ತಲೆ ತಗ್ಗಿಸಿಕೊಂಡೇ, ಅವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ತೆಲುಗಿನಲ್ಲಿ ಅಂದಳು: “ವದ್ದಮ್ಮಾ. ನಾಕು ವದ್ದು.”

ಬೇಡ, ನನಗೆ ಬೇಡ.

ಯರ್ರಮ್ಮನ ಮೈಯೆಲ್ಲ ಉರಿದುಹೋಯಿತು. ಬೇಡವೇ? ನನ್ನ ಮಗ ಬೇಡವೇ ಇವಳಿಗೆ? ಓಣಿಯಲ್ಲೇ ಅಂಥ ಕೈಯಿರುವ ಇನ್ನೊಬ್ಬ ನೇಕಾರನಿಲ್ಲ. ತಂದೆಯಿಲ್ಲದವನನ್ನು ಊರವರ ಮಗ್ಗದಲ್ಲಿ ಬೆನ್ನು ಮುರಿದುಕೊಂಡು ಬೆಳೆಸಿದ್ದೇನೆ. ಇವಳ ಮುಂದೆ ಅವನು ಊರಿಗೆಲ್ಲ ಕೇಳುವ ಹಾಗೆ ಹೆಂಡತಿ ಅಂದಿದ್ದಾನೆ. ಇವಳು ಎಂಜಲು ಎಲೆ ಸರಿಸುವ ಹಾಗೆ ಬೇಡ ಅನ್ನುತ್ತಾಳೆ. ಮಗನ ಮೇಲಿನ ಪ್ರೀತಿ ಅದೊಂದು ಗಳಿಗೆಯಲ್ಲಿ ಎಲ್ಲಾ ಸಿಟ್ಟಾಗಿ ಅವಳ ಹೆಬ್ಬೆರಳಿಗೆ ಇಳಿಯಿತು. ಉಗುರು ಮೂರನೇ ಗಂಟಿನೊಳಗೆ ಹೊಕ್ಕಿತು. ನೂಲಾಗಿದ್ದರೆ ಅರಿಸಿನದಲ್ಲಿ ಒಣಗಿ ಕಚ್ಚಿಕೊಂಡಿರುತ್ತಿತ್ತು, ಬಿಚ್ಚುತ್ತಿರಲಿಲ್ಲ. ರೇಷ್ಮೆ ಜಾರಿತು.

“ಎರಡು,” ಎಂದಳು ಯರ್ರಮ್ಮ.

ಕಟ್ಟೆಯ ಮೇಲೆ ಉಸಿರು ಬಿಟ್ಟ ಸದ್ದಾಯಿತು. ದುರುಗೇಶ್ ಮೂರು ಎಂದು ಕೂಗಿದ. ನಿಮ್ಮವ್ವ ಎಣಿಸ್ಯಾಳೆ, ಸುಮ್ನಿರಲೇ ಎಂದರು. ಮಾಲತಿ ತಾನೇ ದಾರ ತಲೆಯ ಮೇಲಿಂದ ತೆಗೆದು ಕಟ್ಟೆಯ ಮೇಲಿಟ್ಟು, ಮೇಷ್ಟ್ರ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಒಂದು ಸಲವೂ ತಿರುಗಿ ನೋಡಲಿಲ್ಲ. ಅವಳ ಬೆನ್ನನ್ನೇ ನೋಡುತ್ತಿದ್ದ ದುರುಗೇಶ್ ಆಮೇಲೆ ತಾಯಿಯ ಕಡೆ ತಿರುಗಿದ. ಅವನ ಕಣ್ಣು ಅವಳ ಕೈಯ ಮೇಲೆ ನಿಂತಿತು. ಗಂಡ ಸತ್ತ ದಿನದಿಂದ ಅರಿಸಿನ ಮುಟ್ಟದ ಕೈ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಳದಿ ಗೆರೆ. ಯರ್ರಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೇರೆ ಯಾರೂ ನೋಡಲಿಲ್ಲ. ಅವನು ನೋಡಿದ್ದ.

ಅವನು ಗುಡ್ಡದ ಕಡೆ ಹೋದ. ಓಣಿಯವರಿಗೆ ನಾಟಕದ ಕತ್ತಿಯ ನೆನಪಾಗಿ, ಹುಡುಗನ ಮೇಲೆ ಕಣ್ಣಿಡು ಎಂದು ಬಂದುಬಂದು ಹೇಳಿದರು. ಯರ್ರಮ್ಮ ಮನೆಯಲ್ಲಿದ್ದ ಹಗ್ಗ, ಎಳೆ ಕತ್ತರಿಸುವ ಬ್ಲೇಡು, ಪಕ್ಕದ ಮನೆಯವರು ಅಟ್ಟದ ಮೇಲಿಟ್ಟಿದ್ದ ಶೇಂಗಾ ಹೊಲದ ಔಷಧಿ ಬಾಟ್ಲಿ, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಅದರ ಮೇಲೆ ಕೂತಳು. ಅವನು ಸಾಯಲಿಲ್ಲ. ಬಿಸಿಲು ಇಳಿದ ಮೇಲೆ ಬಂದ, ಕೈಕಾಲು ತೊಳೆದ, ಕುಣಿಗೆ ಇಳಿದ. ಅವಳು ಎದ್ದು ಹೋಗಿ ಪಕ್ಕದಲ್ಲಿ ಕೂತಳು. ಅವನು ಒಡಲಿನ ಲಾಳಿ ಎಸೆದು, ಅಂಚಿನದು ಹಾಕು ಎನ್ನುವ ಬದಲು ಬೆರಳ ಗೆಣ್ಣಿನಿಂದ ಮಗ್ಗದ ಹಲಗೆಯನ್ನು ಕುಟ್ಟಿದ.

ಅಂದಿನಿಂದ ಅದೇ ಭಾಷೆಯಾಯಿತು. ಒಂದು ಕುಟ್ಟಿದರೆ ಲಾಳಿ. ಎರಡು ಕುಟ್ಟಿದರೆ ತಪ್ಪಾಗಿದೆ, ಬಿಚ್ಚು. ಊಟ ಬೇಕಾದರೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ, ಬೇಡವಾದರೆ ಮಗುಚಿ ಇಡುತ್ತಿದ್ದ. ಯರ್ರಮ್ಮನಿಗೆ ಜ್ವರ ಬಂದರೆ ಪಕ್ಕದ ಮನೆಯ ದುರುಗಕ್ಕನ ಬಾಗಿಲಿಗೆ ಹೋಗಿ, ಅವಳಿಗೆ ಮಾತ್ರೆ ನುಂಗಕೆ ಹೇಳು ಎಂದು ಹೇಳಿ ಬರುತ್ತಿದ್ದ. ‘ಅವಳು’ ಅನ್ನುವುದೇ ಹೊರತು ‘ಅವ್ವ’ ಅನ್ನುತ್ತಿರಲಿಲ್ಲ. ದುರುಗಕ್ಕ ಅದನ್ನು ಹಾಗೆಯೇ ತಂದು ಒಪ್ಪಿಸುತ್ತಿದ್ದಳು.

ಸುನಿತಾಳನ್ನು ಅವನು ಒಪ್ಪಲಿಲ್ಲ. ಅಣ್ಣ ಕೊಟ್ಟೂರಪ್ಪ ಬಂದು ಕೇಳಿದಾಗ ಕುಣಿಯಿಂದ ಏಳದೆ, ಎರಡು ಸಲ ಹಲಗೆ ಕುಟ್ಟಿದ. ಆ ಹುಡುಗಿಯನ್ನು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವವನಿಗೆ ಕೊಟ್ಟರು. ಆ ಮದುವೆಗೆ ಯರ್ರಮ್ಮನನ್ನು ಕರೆಯಲಿಲ್ಲ. ನಲ್ಲಿಯ ಹತ್ತಿರ ಸಿಕ್ಕಿದ ಹುಚ್ಚಕ್ಕ, ಎರಡು ಅಂದು ಏನು ಗಂಟು ಕಟ್ಟಿಕೊಂಡೆ ಎಂದು ಕೇಳಿದಳು. ಯರ್ರಮ್ಮ ಕೊಡ ಕೆಳಗಿಟ್ಟು, ಅತ್ತಿಗೆಯ ಏಳು ತಲೆಮಾರನ್ನು ಜಾಲಾಡಿ, ಕೊಡ ಎತ್ತಿಕೊಂಡು ಬಂದಳು. ಅಂದಿಗೆ ತವರೂ ಮುಗಿಯಿತು.

ಅವಳು ಮಗನ ಮುಂದೆ ಮೆತ್ತಗಾದವಳಲ್ಲ. ಪಕ್ಕದಲ್ಲಿ ಕೂತು ದಿನವಿಡೀ ಬೈಯುತ್ತಿದ್ದಳು. ಯಾವಳೋ ಬಣ್ಣ ಬಳ್ಕೊಂಡೋಳಿಗೆ ಇವನ ನೆನಪಾದರೂ ಐತಾ, ಇವನು ಇಲ್ಲಿ ತಪಸ್ಸಿಗೆ ಕೂತಿದ್ದಾನೆ ಎನ್ನುತ್ತಿದ್ದಳು. ಅವನ ಕಿವಿಗೆ ಬೀಳಲೆಂದೇ ಹೇಳುತ್ತಿದ್ದಳು. ಏನಾದರೂ ಅನ್ನಲಿ, ಸಾಯಿ ಅಂತಲಾದರೂ ಅನ್ನಲಿ ಎಂದು ಕಾಯುತ್ತಿದ್ದಳು. ಎಳೆ ಕಡಿದರೆ ಕಾಯುವುದು, ಸಿಕ್ಕಾದರೆ ಕಾಯುವುದು ಅವಳಿಗೆ ಗೊತ್ತಿತ್ತು. ಇದಕ್ಕೆ ಮಾತ್ರ ತುದಿ ಸಿಗಲಿಲ್ಲ. ಕೆಲವು ಸಲ ಲಾಳಿ ಕೈಯಲ್ಲಿ ಹಿಡಿದು, ಅವನು ಒಂದು ಸಲ ಕುಟ್ಟಿದರೂ ಹಾಕುತ್ತಿರಲಿಲ್ಲ. ಬಾಯಿಬಿಟ್ಟು ಕೇಳಲಿ ಎಂದು. ಅವನು ಮತ್ತೆ ಕುಟ್ಟುತ್ತಿರಲಿಲ್ಲ. ಕೈ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಕಡೆಗೆ ಸೋಲುತ್ತಿದ್ದವಳು ಅವಳೇ.

ಹಾಗೆ ಅವನ ಕಿವಿಯ ಹತ್ತಿರ ಕೂದಲು ಬೆಳ್ಳಗಾಯಿತು. ಕುಣಿಯಲ್ಲಿ ಕೂತು ಕೂತು ಬೆನ್ನು ಬಾಗಿತು. ಓಣಿಯವರು ಇನ್ನೂ ಎಣಿಕೆಗೆ ಯರ್ರಮ್ಮನನ್ನೇ ಕರೆಯುತ್ತಿದ್ದರು. ಆಕೆ ಹೋಗಿ ಎಣಿಸಿ, ಒಂದು ಸಲಕ್ಕೆ ನಂಬಿಕೆ ಸಾಲದೆ ಮತ್ತೊಂದು ಸಲ ಎಣಿಸಿ ಹೇಳುತ್ತಿದ್ದಳು. ವಯಸ್ಸಾಯಿತು ಎಂದುಕೊಂಡರು.

ಎರಡು ಸಾವಿರದ ಹದಿನೇಳರ ಮಾಘದಲ್ಲಿ ಒಂದು ಮಧ್ಯಾಹ್ನ ಬಾಗಿಲಿಗೆ ಆಟೊ ನಿಂತಿತು. ದಪ್ಪನೆಯ ಹೆಂಗಸೊಬ್ಬಳು, ಕೈತುಂಬ ಬಳೆ, ಎಲೆಯಡಿಕೆ ಬಾಯಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ರಾಂಪುರದಲ್ಲಿ ನಾಟಕವಿದೆ, ಮಗಳ ಮದುವೆಗೆ ಸೀರೆ ನೋಡೋಣವೆಂದು ಬಂದೆ, ನೇಯುವವರ ಮನೆಯಲ್ಲೇ ಒಳ್ಳೆಯದು ಸಿಗುತ್ತದೆ ಅಂದರು ಎಂದಳು. ಅರ್ಧ ತೆಲುಗು, ಅರ್ಧ ಕನ್ನಡ. ಯರ್ರಮ್ಮನ ಕೈಯಲ್ಲಿ ಲಾಳಿ ನಿಂತಿತು. ಮಾಲತಿಯೂ ಅವಳ ಮುಖವನ್ನೇ ನೋಡಿದಳು.

“ಅಮ್ಮಾ, ನೀವೇ ಅಲ್ವಾ?” ಎಂದಳು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಯರ್ರಮ್ಮನ ಬಲಗೈ ಹಿಡಿದುಕೊಂಡು ಹೆಬ್ಬೆರಳು ತಿರುಗಿಸಿ ನೋಡಿದಳು. “ಈ ಉಗುರು ನನ್ನ ಕುತ್ತಿಗೆಗೆ ತಾಗಿದ್ದು ಇವತ್ತಿಗೂ ನೆನಪೈತೆ. ನಾನು ವದ್ದು ಅಂದೆ, ನೀವು ಬಿಚ್ಚಿದ್ರಿ. ಇಲ್ದಿದ್ರೆ ನನ್ನ ದುಡಿಮೆನೇ ನಂಬಿದ್ದ ನಮ್ಮವ್ವ, ತಮ್ಮಂದಿರು ಉಪವಾಸ ಸಾಯೋರು. ನಾನು ಯಾರಿಗೂ ಹೇಳಿಲ್ಲಮ್ಮ. ನನ್ನ ದೇವರು ನೀವು.”

ದುರುಗೇಶನ ಕಾಲು ಕುಣಿಯಲ್ಲಿ ಅಲ್ಲಾಡಲಿಲ್ಲ. ಯರ್ರಮ್ಮ ಕೈ ಬಿಡಿಸಿಕೊಂಡಳು. ಕರುಣೆಯಿಂದ ಬಿಚ್ಚಿದ್ದಲ್ಲ, ನಿನ್ನ ಸೊಕ್ಕಿಗೆ ಬಿಚ್ಚಿದ್ದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ಯಾವ ಸೀರೆ ಬೇಕು ನೋಡು ಎಂದು ಕಪಾಟಿನ ಕಡೆ ತೋರಿಸಿದಳು.

ಮಾಲತಿ ಸೀರೆಗಳನ್ನು ಬಿಚ್ಚಿ ಬಿಚ್ಚಿ ನೋಡಿದಳು. ಒಂದು ಹಿಡಿಸಿತು, ತೆಗೆದಿಟ್ಟಳು. ಹೋಗುವ ಮುಂಚೆ, ಏನೋ ಮರೆತದ್ದು ನೆನಪಾದ ಹಾಗೆ ಕೇಳಿದಳು:

“ಆ ನಿಮ್ಮ ಮಗ ಎಲ್ಲಿದಾನಮ್ಮ? ಹೆಸರೂ ಮರ್ತೋಯ್ತು. ಭಾಳ ಊರು, ಭಾಳ ಹೀರೋಗಳು ಆಗೋದ್ರು. ಮದುವೆಯಾದನಾ?” ಆಮೇಲೆ ಕುಣಿಯ ಕಡೆ ಗದ್ದ ತೋರಿಸಿ, “ಇವರು ಕೂಲಿಗೆ ಬರ್ತಾರಾ? ಕೈ ಚೆನ್ನಾಗೈತೆ” ಎಂದಳು.

ಯರ್ರಮ್ಮ ಮಗನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲಿ ಕೂತವಳಿಗೆ ಅವನ ಉಸಿರು ನಿಂತದ್ದು ತಿಳಿಯಿತು. ಬೈಯಬೇಕೆಂದು ತಾನು ವರ್ಷಗಟ್ಟಲೆ ಅಂದ ಮಾತೇ ಈಗ ಆ ಹೆಂಗಸಿನ ಬಾಯಿಂದ ನಿಜವಾಗಿ ಬಂದಿತ್ತು. ನೆನಪಾದರೂ ಐತಾ? ಇಲ್ಲ. ಒಂದು ಗಳಿಗೆಯೂ ಯೋಚಿಸದೆ ಅವಳ ಬಾಯಿಗೆ ಬಂತು:

“ಹೂಂ, ಕೂಲಿಯವನು. ನನ್ನ ಮಗ ಚಳ್ಳಕೆರೆಲ್ಲಿ ಐದಾನೆ. ಮದುವೆಯಾಗೈತೆ. ಎರಡು ಮಕ್ಕಳು.”

“ಒಳ್ಳೇದಾಯ್ತು ಬಿಡಿ,” ಎಂದಳು ಮಾಲತಿ. “ಆವತ್ತು ಅವನ ಅವಸರ ನೋಡಿ ಏನು ಮಾಡ್ಕೊಂತಾನೋ ಅಂತ ಬಸ್ಸಿನಲ್ಲಿ ಹೆದ್ರಿಕೆ ಆಗಿತ್ತು.”

ಸೀರೆ ಕಂಕುಳಲ್ಲಿಟ್ಟುಕೊಂಡು ಹೋದಳು. ಆಟೊ ಓಣಿಯ ತಿರುವು ದಾಟಿದ ಸದ್ದು ಕೇಳಿತು. ಆಮೇಲೆ ಅದೂ ಇಲ್ಲ. ಮಗ್ಗ ನಿಂತೇ ಇತ್ತು. ಯರ್ರಮ್ಮ ಅಂಚಿನ ಲಾಳಿ ಹಿಡಿದು ಹಲಗೆಯ ಸದ್ದಿಗೆ ಕಾದಳು. ಅವನು ಕುಟ್ಟಲಿಲ್ಲ. ಎದ್ದು ಹೋಗುತ್ತಾನೆ ಎಂದುಕೊಂಡಳು. ಇಷ್ಟು ದಿನ ಅವನನ್ನು ಕುಣಿಯಲ್ಲಿ ಕೂರಿಸಿದ್ದು ತನ್ನ ಮೇಲಿನ ಹಗೆ, ಈಗ ಆ ಹಗೆಗೂ ಬುಡವಿಲ್ಲವಾಯಿತು ಎಂದುಕೊಂಡಳು.

“ಮಕ್ಳು ಎರಡಾ?” ಎಂದ ದುರುಗೇಶ್.

ಮೊದಲು ಅದು ಯಾರ ದನಿ ಎಂದೇ ಅವಳಿಗೆ ತಿಳಿಯಲಿಲ್ಲ. ಅಷ್ಟು ಒರಟಾಗಿತ್ತು. ಓಣಿಯವರೊಡನೆ ಆಡುವ ದನಿಯಲ್ಲ, ಅವಳೊಡನೆ ಹುಡುಗನಾಗಿದ್ದಾಗ ಬಿಟ್ಟಿದ್ದ ದನಿ ಗಂಡಸಿನದಾಗಿ ಬಂದಿತ್ತು.

“ಎರಡು,” ಎಂದಳು.

ಅವನು ಹಾಸನ್ನೇ ನೋಡುತ್ತಿದ್ದ. ತುಟಿಯ ಒಂದು ಕಡೆ ಎಳೆದುಕೊಂಡಿತ್ತು. ನಗುವೋ ಮತ್ತೊಂದೋ ಹೇಳುವಂತಿರಲಿಲ್ಲ.

“ನೀನು ಏನು ಎಣಿಸಿದ್ರೂ ಎರಡೇ.”

ಅವ್ವ ಎನ್ನಲಿಲ್ಲ. ಅವಳು ಕಾದಳು, ಅದು ಬರಲಿಲ್ಲ. ಒಡಲಿನ ಲಾಳಿ ಈ ಕಡೆಯಿಂದ ಆ ಕಡೆಗೆ ಹೋಯಿತು. ಯರ್ರಮ್ಮ ಅಂಚಿನ ಲಾಳಿ ಹಾಕಲು ಬಗ್ಗಿದಳು. ಕಣ್ಣಿಗೆ ಎಳೆ ಸರಿಯಾಗಿ ಕಾಣದೆ ಒಂದು ತಪ್ಪಿ ಹೋಯಿತು. ಅವನು ಹಲಗೆಯನ್ನು ಎರಡು ಸಲ ಕುಟ್ಟಿದ. ಅವಳು ಅದನ್ನು ಬಿಚ್ಚಿ, ಮತ್ತೆ ಹಾಕಿದಳು.